ಬೀಮ್ ಹಿಂದಿನ ಒಣ ಡಬ್ಬ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್. ಬೆಂಕಿ ಬಿದ್ರೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕೋ ಕೆಲಸ ನಮ್ಮದು. ಡ್ರಾಯಿಂಗ್‌ನಲ್ಲಿ 10 ಅಡಿಗೊಂದು ಸ್ಪ್ರಿಂಕ್ಲರ್ ಹೆಡ್, ಸಾಲಾಗಿ, ನೋಡೋಕೆ ಚೆಂದ. ಬೀಮ್ ಎಲ್ಲಿದೆ ಅಂತ ಬಿಡಿಸಿದವರು ನೋಡಿರಲಿಲ್ಲ. ನಾನೂ ನೋಡಲಿಲ್ಲ. ಸುಮಾರು 140 ಅಪ್‌ರೈಟ್ (ಪೈಪ್ ಮೇಲೆ ನೆಟ್ಟಗೆ ನಿಲ್ಲುವ) ಹೆಡ್ ಕೂರಿಸಿ, ಪೈಪ್‌ಗೆ ನೀರಿನ ಒತ್ತಡ ಕೊಟ್ಟು ಹೈಡ್ರೋಟೆಸ್ಟ್ ಮುಗಿಸಿ ಬಿಲ್ ಬರೆಯುವ ಹೊತ್ತಿಗೆ ಇನ್‌ಸ್ಪೆಕ್ಷನ್‌ನವರು ಟೇಪ್ ತೆಗೆದರು. 38 ಹೆಡ್ ರಿಜೆಕ್ಟ್.

ನಮ್ಮ ಡಿಫ್ಲೆಕ್ಟರ್, ಅಂದ್ರೆ ನೀರನ್ನ ಚದುರಿಸುವ ಹೆಡ್‌ನ ತಟ್ಟೆ, ಸ್ಲ್ಯಾಬ್‌ನಿಂದ 4 ಇಂಚು ಕೆಳಗೆ, ಬೀಮ್ ಇಳಿದಿದ್ದು 18 ಇಂಚು. ಅಂದ್ರೆ ಬೀಮ್ ತಳಕ್ಕಿಂತ 14 ಇಂಚು ಮೇಲೆ. ಸ್ಪ್ರಿಂಕ್ಲರ್‌ಗೆ ಇರುವ ಅಮೆರಿಕದ ಮಾನದಂಡ ಎನ್‌ಎಫ್‌ಪಿಎ 13ರ ಟೇಬಲ್ ಪ್ರಕಾರ ಅದಕ್ಕೆ ಬೀಮ್‌ನಿಂದ 4 ಅಡಿ ದೂರ ಬೇಕು. ನಮ್ಮವು ಇದ್ದದ್ದು 2 ಅಡಿಗೆ. ಅಷ್ಟು ಹತ್ತಿರ ಬೀಮ್ ತಳಕ್ಕಿಂತ ಐದೂವರೆ ಇಂಚಿಗಿಂತ ಮೇಲೆ ಬಿಡೋಲ್ಲ. ಲೈನ್ ಬಿಚ್ಚಿ, ಹ್ಯಾಂಗರ್ ಬದಲಿಸಿ, ಮತ್ತೆ ಪೇಂಟ್ ಹೊಡೆಸೋಕೆ ಕೈಯಿಂದ 90 ಸಾವಿರ ಹೋಯ್ತು. ಲೇಬರ್ ಬೇರೆ.

ಮುಂದಿನ ಸೈಟ್‌ನಲ್ಲಿ ಟಾರ್ಚ್ ಪ್ರಯೋಗ ಮಾಡಿದೆ. ಹೆಡ್ ಇರುವ ಕಡೆ ಟಾರ್ಚ್ ಹಿಡಿದು, ಬೀಮ್ ನೆರಳು ಬಿದ್ದ ಕಡೆ ನೀರು ಬರೋಲ್ಲ ಅಂತ ನನ್ನ ಲೆಕ್ಕ. ಬೆಳಕು ನೇರ ಹೋಗುತ್ತೆ, ನೀರು ಬಾಗುತ್ತೆ. ಎರಡು ದಿನ ದಂಡ.

ಆಮೇಲೆ ಗುಜರಿ ಹೆಡ್ ಒಂದರಲ್ಲಿ ನೀರು ತಡೆದಿಡುವ ಗಾಜಿನ ಬಲ್ಬ್ ಒಡೆದು, ಬೀಮ್ ಪಕ್ಕ ಕೂರಿಸಿ, ಕೆಳಗೆ 20 ಎಣ್ಣೆ ಡಬ್ಬ ಜೋಡಿಸಿ ಪಂಪ್ ಬಿಟ್ಟೆ. ಎರಡು ನಿಮಿಷಕ್ಕೆ ಈಚೆಯ ಡಬ್ಬಗಳಲ್ಲಿ ಬೆರಳಗಲ ನೀರು ನಿಂತಿತ್ತು. ಬೀಮ್ ಆಚೆ ಮೂರು ಡಬ್ಬಗಳ ತಳದಲ್ಲಿ ಎಣ್ಣೆ ಜಿಡ್ಡಿನ ಮೇಲೆ ನಾಲ್ಕೈದು ಹನಿ, ಅಷ್ಟೇ. ಫೋಟೋ ತೆಗೆದಿಟ್ಟೆ.

ಆಗ ಹೊಳೆದದ್ದು ಪ್ಲೈವುಡ್ ಮೆಟ್ಟಿಲು. ಆ ಟೇಬಲ್‌ನ ಅಳತೆಗಳನ್ನೇ ಪ್ಲೈವುಡ್‌ನಲ್ಲಿ ಮೆಟ್ಟಿಲಾಗಿ ಕತ್ತರಿಸಿದೆ: 1 ಅಡಿಗೆ ಎರಡೂವರೆ ಇಂಚು, 2ಕ್ಕೆ ಐದೂವರೆ, 3ಕ್ಕೆ ಒಂಬತ್ತೂವರೆ, 4ಕ್ಕೆ 14. ಬೀಮ್ ತಳಕ್ಕೆ ಒತ್ತಿ ಹಿಡಿದರೆ ಹೆಡ್ ಎಲ್ಲಿರಬೇಕು ಅಂತ ಹೆಲ್ಪರ್ ಹುಡುಗನೂ ಹೇಳ್ತಾನೆ. ಪೈಪ್ ಏರಿಸೋ ಮೊದಲೇ ಬೀಮ್, ಗಾಳಿ ಹೋಗುವ ಡಕ್ಟ್ ಎಲ್ಲವನ್ನೂ ನೆಲದ ಮೇಲೆ ಸುಣ್ಣದ ದಾರದಲ್ಲಿ ಹೊಡೀತೀನಿ. ಡ್ರಾಯಿಂಗ್‌ನಲ್ಲಿ 1 ಮೀಟರ್ ಅಗಲ ಇದ್ದ ಡಕ್ಟ್ ಸೈಟ್‌ಗೆ ಬಂದಾಗ 1350 ಮಿಲಿಮೀಟರ್ ಆಗಿದ್ದು ಹಾಗೇ ಸಿಕ್ಕಿದ್ದು. 1.2 ಮೀಟರ್ ದಾಟಿದರೆ ಡಕ್ಟ್ ಕೆಳಗೂ ಹೆಡ್ ಬೇಕಲ್ವಾ? ಒಂಬತ್ತು ಹೆಡ್ ಎಕ್ಸ್‌ಟ್ರಾ ಆಯ್ತು, ಆದ್ರೆ ಬಿಚ್ಚೋ ಕೆಲಸ ಇಲ್ಲ.

ಆ ಸೈಟ್‌ನಲ್ಲಿ ಬೀಮ್‌ನಿಂದ ಬೀಮ್‌ಗೆ 13 ಅಡಿ. ಎರಡು ಬೀಮ್ ನಡುವೆ ಒಂದೇ ಲೈನ್, 9 ಮುಕ್ಕಾಲು ಅಡಿಗೊಂದು ಹೆಡ್. ಒಂದು ಹೆಡ್‌ಗೆ ಇರುವ 130 ಚದರಡಿ ಮಿತಿಯ ಒಳಗೇ ಬಂತು. "ಸಾರ್, ಪ್ಲೈವುಡ್ ಹಿಡ್ಕೊಂಡು ಡಿಸೈನ್ ಮಾಡ್ತೀರಾ?" ಅಂತ ಕನ್ಸಲ್ಟೆಂಟ್ ನಕ್ಕಿದ್ದರು. ಇನ್‌ಸ್ಪೆಕ್ಷನ್ ದಿನ 160 ಚಿಲ್ಲರೆ ಹೆಡ್‌ಗಳಲ್ಲಿ ಎರಡೇ ಮಾರ್ಕ್ ಆದವು, ಅದೂ ಆಮೇಲೆ ಬಂದ ಕೇಬಲ್ ಟ್ರೇಯಿಂದ. ಮರುದಿನ ಕನ್ಸಲ್ಟೆಂಟ್ ಅದೇ ಪ್ಲೈವುಡ್ ಫೋಟೋ ತೆಗೆದುಕೊಂಡು ಹೋದರು. ಅದರ ಹಿಂದಿನ ಬದಿಯಲ್ಲಿ ರ‍್ಯಾಂಪ್‌ಗೆ ಅಂತ ಇನ್ನೊಂದು ಸಾಲು ಗುರುತು ಇದೆ. ಅದನ್ನ ತಿರುಗಿಸಿ ತೋರಿಸಲಿಲ್ಲ.