ಮೂರು ದಿನದ ಲಂಡನ್ ಪ್ರಯಾಣ, ಊರಿನ ಗಡಿಯಾರ

ಕಾಫಿ ಖರೀದಿದಾರರನ್ನು ಕಾಣಲು ಚಿಕ್ಕಮಗಳೂರಿನಿಂದ ಮೊದಲ ಸಲ ಲಂಡನ್‌ಗೆ ಹೋದಾಗ, ಅಲ್ಲಿನ ಸಮಯಕ್ಕೇ ಹೊಂದಿಕೊಳ್ಳಬೇಕೆಂದು ಹಟ ಹಿಡಿದು, ರಾತ್ರಿ 2 ಗಂಟೆಗೇ ಎಚ್ಚರಗೊಂಡು, ಸಂಜೆಯ ಮಾತುಕತೆಯಲ್ಲಿ ತೂಕಡಿಸಿದ್ದೆ. ದೇಹದ ಗಡಿಯಾರವು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಚಳಿಗಾಲದ ಐದೂವರೆ ಗಂಟೆಯ ಅಂತರವನ್ನು ಮೂರು ದಿನಗಳಲ್ಲಿ ತುಂಬಲು ಹೊರಟದ್ದೇ ತಪ್ಪಾಗಿತ್ತು.

ಈ ಜನವರಿಯಲ್ಲಿ ಕೈಗಡಿಯಾರವನ್ನು ಊರಿನ ಸಮಯದಲ್ಲೇ ಬಿಟ್ಟೆ. ಭೇಟಿಗಳನ್ನೆಲ್ಲ ಲಂಡನ್ ಸಮಯದ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರೊಳಗೆ ಕೇಳಿ ಪಡೆದು, ಆಮೇಲೆ ಕಾಫಿಯನ್ನು ಮುಟ್ಟದೆ (ಬೆಳೆಗಾರನಿಗೆ ಇದು ನಿಜಕ್ಕೂ ಕಷ್ಟ), ಅಲ್ಲಿನ ಸಂಜೆ 7ಕ್ಕೆ ಮಲಗಿದೆ. ಅಲ್ಲಿ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುವುದು ಅನುಕೂಲವಾಯಿತು. ನಸುಕಿನ 3ಕ್ಕೆದ್ದು, ಮನೆಯಿಂದ ಒಯ್ದ ಅವಲಕ್ಕಿಯನ್ನು ಬಿಸಿನೀರಿನಲ್ಲಿ ನೆನೆಸಿ ತಿನ್ನುತ್ತಾ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಹಿಂತಿರುಗಿದ ಮರುದಿನ ಬೆಳಿಗ್ಗೆ 8ಕ್ಕೆ, ಕಣದಲ್ಲಿ ಕಾಫಿ ಹಣ್ಣು ಕೆದಕಿಸುತ್ತಾ ಎಂದಿನಂತೆ ಬಿಸಿಲಿನಲ್ಲಿ ನಿಂತಿದ್ದೆ.