ಹೇರ್ ಕಟ್ ಕಲಿಯುವವರಿಗೆ: ಡಮ್ಮಿಯಿಂದ ಮೊದಲ ಗ್ರಾಹಕರವರೆಗೆ

ಬ್ಯೂಟಿಷಿಯನ್ ಕೋರ್ಸಿಗೆ ಸೇರಿದವರಲ್ಲಿ ಹೆಚ್ಚಿನವರಿಗೆ ಥ್ರೆಡಿಂಗ್, ಫೇಶಿಯಲ್, ಮೆಹಂದಿ ಬೇಗನೆ ಕೈಹಿಡಿಯುತ್ತವೆ. ಹೇರ್ ಕಟ್ ತರಗತಿ ಬಂದಾಗ ಮಾತ್ರ ಕೈ ಹಿಂಜರಿಯುತ್ತದೆ. ಇದಕ್ಕೆ ಕಾರಣವೂ ಇದೆ. ತಲೆಗೂದಲು ತಿಂಗಳಿಗೆ ಬೆಳೆಯುವುದು ಸುಮಾರು ಅರ್ಧ ಇಂಚು ಮಾತ್ರ; ಎರಡು ಇಂಚು ಹೆಚ್ಚಾಗಿ ಹೋದರೆ ಅದು ಮರಳಿ ಬರಲು ನಾಲ್ಕು ತಿಂಗಳಾದರೂ ಬೇಕು. ಈ ಭಯದಿಂದಲೇ ವಿದ್ಯಾರ್ಥಿಗಳು ಕಲಿಸುವವರ ಬಲಗೈಯಲ್ಲಿರುವ ಕತ್ತರಿಯನ್ನೇ ದಿಟ್ಟಿಸಿ ನೋಡುತ್ತಾರೆ. ಆದರೆ ನೋಡಬೇಕಾದದ್ದು ಎಡಗೈಯನ್ನು. ಕೂದಲನ್ನು ಎಷ್ಟು ಅಗಲಕ್ಕೆ ಬಿಡಿಸಿಕೊಂಡರು, ಯಾವ ಕಡೆಗೆ ಬಾಚಿದರು, ತಲೆಯಿಂದ ಎಷ್ಟು ಮೇಲಕ್ಕೆ ಎತ್ತಿ ಹಿಡಿದರು, ಎಷ್ಟು ಬಿಗಿಯಾಗಿ ಹಿಡಿದರು ಎಂಬ ಈ ನಾಲ್ಕು ಸಂಗತಿಗಳಲ್ಲಿ ಕಟ್ ಬಹುಪಾಲು ನಿರ್ಧಾರವಾಗಿಬಿಟ್ಟಿರುತ್ತದೆ. ಕತ್ತರಿ ಅದನ್ನು ಪೂರ್ತಿ ಮಾಡುತ್ತದೆ, ಅಷ್ಟೆ. ಐಟಿಐಯಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ತರಬೇತಿ ಪಡೆಯುತ್ತಿರಲಿ, ಊರಿನ ಪಾರ್ಲರಿನಲ್ಲಿ ಕೆಲವು ತಿಂಗಳ ಕೋರ್ಸು ಮಾಡುತ್ತಿರಲಿ, ಈ ಕ್ರಮದಲ್ಲಿ ಕಲಿತವರಿಗೆ ಮುಂದೆ ಯಾವ ಹೊಸ ಸ್ಟೈಲೂ ಕಷ್ಟವಾಗುವುದಿಲ್ಲ.

ಕತ್ತರಿ ಮತ್ತು ಡಮ್ಮಿ

ಆರಂಭಕ್ಕೆ 5.5 ಅಥವಾ 6 ಇಂಚಿನ ಒಂದು ಕತ್ತರಿ, ಒಂದು ಕಟಿಂಗ್ ಬಾಚಣಿಗೆ, ಬೈತಲೆ ತೆಗೆಯಲು ಒಂದು ಟೇಲ್ ಕೋಂಬ್, ಏಳೆಂಟು ಸೆಕ್ಷನ್ ಕ್ಲಿಪ್, ನೀರಿನ ಸ್ಪ್ರೇ ಬಾಟಲಿ, ಕಟಿಂಗ್ ಶೀಟ್ ಇದ್ದರೆ ಸಾಕು. ಕೂದಲಿನ ದಟ್ಟಣೆ ಇಳಿಸಲು ಬಳಸುವ, ಹಲ್ಲುಗಳಿರುವ ಥಿನ್ನಿಂಗ್ ಕತ್ತರಿಯನ್ನು ಮೊದಲ ಕೆಲವು ತಿಂಗಳು ಕೊಳ್ಳದಿರುವುದೇ ಒಳ್ಳೆಯದು. ಅದು ಕೈಯಲ್ಲಿದ್ದರೆ ಗೆರೆ ಸರಿ ಬಾರದ ಕಡೆಯೆಲ್ಲ ಅದರಿಂದ ತಿದ್ದಿ ಮರೆಮಾಚುವ ಅಭ್ಯಾಸ ಬೆಳೆಯುತ್ತದೆ. ಎಡಚರು ಎಡಗೈಗೆಂದೇ ಮಾಡಿದ ಕತ್ತರಿಯನ್ನು ಕೇಳಿ ಪಡೆಯಬೇಕು. ಕೂದಲಿನ ಕತ್ತರಿಯಿಂದ ಕಾಗದ, ದಾರ, ಬಟ್ಟೆ ಯಾವುದನ್ನೂ ಕತ್ತರಿಸಬಾರದು. ಒಮ್ಮೆ ನೆಲಕ್ಕೆ ಬಿದ್ದ ಕತ್ತರಿಯ ಅಲಗುಗಳ ಹೊಂದಾಣಿಕೆ ತಪ್ಪುವುದುಂಟು, ಆಗ ಅದು ಕೂದಲನ್ನು ಕತ್ತರಿಸುವ ಬದಲು ಮಡಚುತ್ತದೆ.

ಕತ್ತರಿಯ ಒಂದು ಅಲಗು ಸ್ಥಿರವಾಗಿರಬೇಕು, ಇನ್ನೊಂದು ಚಲಿಸಬೇಕು. ಸ್ಥಿರ ಅಲಗಿನ ಹಿಡಿಗೆ ಉಂಗುರದ ಬೆರಳು, ಅದರ ಬಾಲಕ್ಕೆ ಕಿರುಬೆರಳು, ಚಲಿಸುವ ಅಲಗಿನ ಹಿಡಿಗೆ ಹೆಬ್ಬೆರಳಿನ ತುದಿ ಮಾತ್ರ. ಹೆಬ್ಬೆರಳನ್ನು ಗೆಣ್ಣಿನವರೆಗೂ ತೂರಿಸಿದರೆ ಇಡೀ ಕೈ ಅಲುಗಾಡಿ ಅಂಚು ಹಲ್ಲು ಹಲ್ಲಾಗುತ್ತದೆ. ಕೂದಲಿಲ್ಲದೆ, ಬರೀ ಗಾಳಿಯಲ್ಲಿ, ಕನ್ನಡಿಯ ಎದುರು ನಿಂತು ಹೆಬ್ಬೆರಳೊಂದನ್ನೇ ಆಡಿಸುತ್ತ ಅಲಗು ತೆರೆದು ಮುಚ್ಚುವುದನ್ನು ದಿನವೂ ಅಭ್ಯಾಸ ಮಾಡಬೇಕು. ಬಾಚುವಾಗ ಹೆಬ್ಬೆರಳನ್ನು ಹಿಡಿಯಿಂದ ತೆಗೆದು, ಮುಚ್ಚಿದ ಕತ್ತರಿಯನ್ನು ಅಂಗೈಯೊಳಗೆ ಮಡಚಿಕೊಂಡು ಅದೇ ಕೈಯಲ್ಲಿ ಬಾಚಣಿಗೆ ಹಿಡಿಯುವುದೂ ಇದೇ ಹಂತದಲ್ಲಿ ರೂಢಿಯಾಗಬೇಕು. ತೆರೆದ ಕತ್ತರಿ ಗ್ರಾಹಕರ ಕಿವಿಯ ಹತ್ತಿರ ಓಡಾಡಬಾರದು.

ಡಮ್ಮಿಯ, ಅಂದರೆ ಅಭ್ಯಾಸಕ್ಕೆಂದು ಕೂದಲು ಕೂರಿಸಿದ ಗೊಂಬೆ ತಲೆಯ, ವಿಷಯದಲ್ಲಿ ಒಂದು ಲೆಕ್ಕಾಚಾರ ಬೇಕು. ಸಿಂಥೆಟಿಕ್ ಕೂದಲಿನ ಡಮ್ಮಿ ಅಗ್ಗ. ಬೈತಲೆ ತೆಗೆಯಲು, ಕ್ಲಿಪ್ ಹಾಕಲು ಅದು ಸಾಕಾಗುತ್ತದೆ. ಆದರೆ ನೀರು ತಾಗಿದಾಗ ಹಿಗ್ಗುವುದು, ಒಣಗಿದಾಗ ಕುಗ್ಗುವುದು ಇವೆಲ್ಲ ತಿಳಿಯುವುದು ನಿಜವಾದ ಕೂದಲಿನ ಡಮ್ಮಿಯಲ್ಲೇ. ಅದರ ಕೂದಲು ಮತ್ತೆ ಬೆಳೆಯದ ಕಾರಣ ಉದ್ದದ ಕಟ್‌ಗಳಿಂದ ಗಿಡ್ಡದ ಕಟ್‌ಗಳ ಕಡೆಗೆ ಇಳಿಯುತ್ತ ಹೋಗಬೇಕು: ಮೊದಲು ನೇರ ಟ್ರಿಮ್, ಆಮೇಲೆ ಯು ಕಟ್, ವಿ ಕಟ್, ಲೇಯರ್, ಅನಂತರ ಭುಜದ ಮಟ್ಟದ ಬ್ಲಂಟ್, ಬಾಬ್, ಕಡೆಗೆ ಬಾಯ್ ಕಟ್. ಮೊದಲ ದಿನವೇ ಬಾಬ್ ಮಾಡಿದವರಿಗೆ ಉಳಿಯುವುದು ಬಾಯ್ ಕಟ್ ಮಾತ್ರ. ನಮ್ಮ ಕಡೆ ಮಂಗಳವಾರ ಕೂದಲಿಗೆ ಕತ್ತರಿ ತಾಗಿಸದವರು ಬಹಳ. ಕ್ಷೌರದಂಗಡಿಗಳಿಗೂ ಅಂದು ರಜೆ. ಅಂಥ ಬಿಡುವಿನ ದಿನ ಪಾರ್ಲರಿನಲ್ಲಿ ಡಮ್ಮಿಯೊಂದಿಗೆ ಕಳೆಯಲು ಅನುಮತಿ ಕೇಳಿಕೊಂಡರೆ ಕನ್ನಡಿ, ಬೆಳಕು, ಕುರ್ಚಿ ಎಲ್ಲವೂ ಸಿಗುತ್ತವೆ.

ತಲೆಯ ನಕ್ಷೆ

ತಲೆ ದುಂಡಗಿದೆ ಎಂದು ತೋರಿದರೂ ಅದಕ್ಕೆ ಸಪಾಟಾದ ಜಾಗಗಳೂ ತಿರುವುಗಳೂ ಇವೆ. ಅವುಗಳನ್ನು ಪತ್ತೆಹಚ್ಚಲು ಒಂದು ಬಾಚಣಿಗೆ ಸಾಕು. ನೆತ್ತಿಯ ಮೇಲೆ ಬಾಚಣಿಗೆಯನ್ನು ಅಡ್ಡಲಾಗಿ ಇಟ್ಟಾಗ ಅದು ತಾಗಿ ನಿಲ್ಲುವ ಅತಿ ಎತ್ತರದ ಬಿಂದುವೇ ಏಪೆಕ್ಸ್. ತಲೆಯ ಪಕ್ಕಕ್ಕೆ ನೆಟ್ಟಗೆ ಹಿಡಿದಾಗ ಬಾಚಣಿಗೆ ಮೇಲ್ಭಾಗದಲ್ಲಿ ತಲೆಯನ್ನು ಬಿಟ್ಟು ದೂರವಾಗುವ ಜಾಗದಲ್ಲಿ ತಲೆ ಮೇಲಕ್ಕೆ ಬಾಗಲು ಆರಂಭಿಸುತ್ತದೆ; ಇದನ್ನು ಪೆರೈಟಲ್ ರಿಜ್ ಎನ್ನುತ್ತಾರೆ. ಹಿಂಬದಿಯಲ್ಲಿ ಹಾಗೆಯೇ ಹಿಡಿದು ನೋಡಿದರೆ ಕುತ್ತಿಗೆಯ ಕಡೆಗೆ ಬಾಚಣಿಗೆ ತಲೆಯನ್ನು ಬಿಡುವಲ್ಲಿ ಹಿಂದಲೆಯ ಉಬ್ಬು, ಅಂದರೆ ಆಕ್ಸಿಪಿಟಲ್ ಬೋನ್, ಕೈಗೆ ಸಿಗುತ್ತದೆ. ಇವುಗಳ ಜೊತೆಗೆ ನೆತ್ತಿಯ ಸುಳಿಯನ್ನೂ ಕುತ್ತಿಗೆಯ ಅಂಚಿನ ಸುಳಿಯನ್ನೂ ಒದ್ದೆ ಮಾಡುವ ಮೊದಲೇ ನೋಡಿಕೊಳ್ಳಬೇಕು. ಸುಳಿ ಇರುವಲ್ಲಿ ಕೂದಲು ತನ್ನ ದಿಕ್ಕಿಗೇ ಏಳುತ್ತದೆ. ಅಲ್ಲಿ ಗಿಡ್ಡ ಮಾಡಿದರೆ ನೆಟ್ಟಗೆ ನಿಲ್ಲುತ್ತದೆ.

ಅನಂತರ ವಿಭಾಗಗಳು. ಹಣೆಯ ಮಧ್ಯದಿಂದ ಕುತ್ತಿಗೆಯವರೆಗೆ ಒಂದು ಬೈತಲೆ, ಒಂದು ಕಿವಿಯಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯವರೆಗೆ ಮತ್ತೊಂದು. ಹೀಗೆ ನಾಲ್ಕು ಭಾಗಗಳಾಗುತ್ತವೆ. ಪ್ರತಿಯೊಂದನ್ನೂ ತಿರುಚಿ ಕ್ಲಿಪ್ ಹಾಕಬೇಕು. ಬೈತಲೆಯ ಗೆರೆಯಲ್ಲಿ ತಲೆಯ ಚರ್ಮ ಸ್ವಚ್ಛವಾಗಿ ಕಾಣಬೇಕು, ಒಂದು ಎಳೆಯೂ ಅತ್ತಿತ್ತ ದಾಟಿರಬಾರದು. ಬೇಸರ ತರುವ ಕೆಲಸವೇ ಸರಿ, ಆದರೂ ಸೆಕ್ಷನ್ ಸರಿ ಇಲ್ಲದ ತಲೆಯ ಮೇಲೆ ಕತ್ತರಿ ಎತ್ತಲು ಬಿಡದ ಟೀಚರ್ ಸಿಕ್ಕಿದರೆ ಅದನ್ನು ಅದೃಷ್ಟವೆಂದು ತಿಳಿಯಬೇಕು.

ಎತ್ತುವ ಕೋನ, ಎಳೆಯುವ ದಿಕ್ಕು

ಕೂದಲನ್ನು ಎತ್ತದೆ, ಬೀಳುವ ಹಾಗೆಯೇ ಕೆಳಕ್ಕೆ ಬಾಚಿ ಕತ್ತರಿಸಿದರೆ ಅದು 0 ಡಿಗ್ರಿ. ಎಲ್ಲ ಎಳೆಗಳೂ ಒಂದೇ ಗೆರೆಗೆ ಬಂದು ನಿಲ್ಲುತ್ತವೆ, ಅಂಚು ದಪ್ಪವಾಗಿ ಕಾಣುತ್ತದೆ. ಬ್ಲಂಟ್ ಕಟ್ ಇದೇ. ಸುಮಾರು 45 ಡಿಗ್ರಿಗೆ ಎತ್ತಿ ಕತ್ತರಿಸಿದಾಗ ಎಳೆಗಳು ಒಂದರ ಮೇಲೊಂದು ಕುಳಿತು ಅಂಚಿನ ಬಳಿ ತುಂಬಿದಂತೆ ಕಾಣುತ್ತವೆ, ಇದು ಗ್ರಾಜುಯೇಷನ್. ತಲೆಯ ಮೇಲ್ಮೈಗೆ ಲಂಬವಾಗಿ, ಅಂದರೆ 90 ಡಿಗ್ರಿಗೆ, ತಲೆಯುದ್ದಕ್ಕೂ ಒಂದೇ ಅಳತೆಗೆ ಕತ್ತರಿಸಿದರೆ ಸಮ ಲೇಯರ್. ಹಿಂದಿನ, ಕೆಳಗಿನ ಎಳೆಗಳನ್ನೆಲ್ಲ ನೆತ್ತಿಯ ಮೇಲಕ್ಕೆ ಎಳೆದು, ಅಲ್ಲಿನ ಗಿಡ್ಡ ಎಳೆಯ ಮಟ್ಟಕ್ಕೆ ಕತ್ತರಿಸಿದರೆ ಮೇಲೆ ಗಿಡ್ಡ, ಕೆಳಗೆ ಉದ್ದವಾದ ಉದ್ದ ಲೇಯರ್ ಬರುತ್ತದೆ. ಕೋನವನ್ನು ನೆಲದಿಂದಲ್ಲ, ಆ ಎಳೆ ಹುಟ್ಟಿದ ಜಾಗದ ತಲೆಯ ಮೇಲ್ಮೈಯಿಂದ ಅಳೆಯಬೇಕು ಎಂಬುದನ್ನು ಮಾತ್ರ ಮರೆಯಬಾರದು. 1960ರ ದಶಕದಲ್ಲಿ ಲಂಡನ್ನಿನ ವಿಡಾಲ್ ಸಸೂನ್ ತಮ್ಮ ಜ್ಯಾಮಿತೀಯ ಕಟ್‌ಗಳಿಂದ ಹೆಸರಾದದ್ದು ಇಂಥ ಲೆಕ್ಕದ ಮೇಲೆಯೇ: ರೋಲರ್, ಸ್ಪ್ರೇಗಳ ಆಸರೆಯಿಲ್ಲದೆ ತೊಳೆದು ಒಣಗಿಸಿದರೂ ಕೂದಲು ತನ್ನ ಆಕಾರಕ್ಕೆ ತಾನೇ ಮರಳಬೇಕು ಎಂಬುದು ಅವರ ಉದ್ದೇಶವಾಗಿತ್ತು.

ದಿಕ್ಕಿನ ನಿಯಮ ಇನ್ನೂ ಸರಳ: ಯಾವ ಕಡೆಗೆ ಎಳೆದು ಕತ್ತರಿಸುತ್ತೀರೋ ಅದರ ಎದುರು ಬದಿಯಲ್ಲಿ ಉದ್ದ ಉಳಿಯುತ್ತದೆ. ಕೂದಲನ್ನು ಎರಡು ಪಾಲು ಮಾಡಿ, ಭುಜಗಳ ಮೇಲಿಂದ ಮುಂದಕ್ಕೆ ತಂದು ಕತ್ತರಿಸಿದರೆ ಹಿಂಬದಿಯ ನಡುವೆ ಮೊನೆ ಮೂಡಿ ವಿ ಕಟ್ ಆಗುವುದು ಇದೇ ಕಾರಣಕ್ಕೆ. ಹಣೆಯ ಮೇಲೆ ಜುಟ್ಟು ಕಟ್ಟಿ ಒಂದೇ ಏಟಿಗೆ ಕತ್ತರಿಸುವ ರೀಲ್ಸ್‌ಗಳು ಹೇಗೋ ಲೇಯರ್ ಕೊಡುವುದೂ ಇದರಿಂದಲೇ. ಆದರೆ ಆ ಜುಟ್ಟಿನೊಳಗೆ ಯಾವ ಎಳೆ ಎಷ್ಟು ಬಿಗಿಯಾಗಿದೆ ಎಂದು ಕಾಣದ ಕಾರಣ ಕಲಿಯುವವರಿಗೆ ಅದರಿಂದ ಪ್ರಯೋಜನವಿಲ್ಲ.

ಯು ಕಟ್: ಮೊದಲ ಪೂರ್ಣ ಅಭ್ಯಾಸ

ಪಾರ್ಲರಿನಲ್ಲಿ ಅತಿ ಹೆಚ್ಚು ಕೇಳಿಬರುವ ಕೋರಿಕೆಗಳಲ್ಲಿ ಯು ಕಟ್ ಒಂದು. ಕೂದಲನ್ನು ತೊಳೆದು, ಟವೆಲಿನಿಂದ ಒತ್ತಿ, ಸಮನಾಗಿ ಒದ್ದೆಯಿರುವಂತೆ ನೋಡಿಕೊಳ್ಳಬೇಕು. ಎಣ್ಣೆ ಹಚ್ಚಿದ ಕೂದಲಿನಲ್ಲಿ ಎಳೆಗಳು ಒಂದಕ್ಕೊಂದು ಅಂಟಿ ಗಂಟಿನಂತೆ ಬೀಳುವುದರಿಂದ, ತೊಳೆದ ಮೇಲೆ ಅಂಚು ಬೇರೆಯೇ ಆಗಿ ಕಾಣುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಬಂದವರಿಗೆ ಮೊದಲು ಶಾಂಪೂ ಮಾಡಬೇಕಾಗುತ್ತದೆ ಎಂದು ವಿನಯದಿಂದ ತಿಳಿಸಬೇಕು.

ಕುಳಿತವರ ಬೆನ್ನು ನೆಟ್ಟಗಿರಬೇಕು, ಎರಡೂ ಪಾದ ನೆಲಕ್ಕೆ ಅಥವಾ ಕುರ್ಚಿಯ ಪಟ್ಟಿಗೆ ಊರಿರಬೇಕು. ಕಾಲ ಮೇಲೆ ಕಾಲು ಹಾಕಿದರೆ ಸೊಂಟ ಓರೆಯಾಗಿ, ಅದರೊಡನೆ ಭುಜವೂ ಓರೆಯಾಗಿ, ಕತ್ತರಿಸುವವರಿಗೆ ಸಮನಾಗಿ ಕಂಡ ಗೆರೆ ಎದ್ದು ನಿಂತಾಗ ಒಂದು ಕಡೆ ಇಳಿದಿರುತ್ತದೆ. ಮೊಬೈಲು ನೋಡುತ್ತ ತಲೆ ಬಗ್ಗಿಸಿದಾಗಲೂ ಇದೇ ತೊಂದರೆ. ಕಟಿಂಗ್ ಶೀಟಿನೊಳಗೆ ಮೊಬೈಲಿನ ಬೆಳಕು ಕಂಡರೆ, ‘ಅಕ್ಕಾ, ಐದು ನಿಮಿಷ ಎದುರಿನ ಕನ್ನಡಿ ನೋಡ್ತೀರಾ?’ ಎಂದು ಕೇಳಲು ಸಂಕೋಚ ಬೇಡ.

ನಾಲ್ಕು ಭಾಗ ಮಾಡಿದ ಮೇಲೆ ಕುತ್ತಿಗೆಯ ಅಂಚಿನಿಂದ ಒಂದೂವರೆ ಇಂಚಿನಷ್ಟು ಕೂದಲನ್ನು ಮಾತ್ರ ಕೆಳಗೆ ಬಿಡಬೇಕು. ಬೆನ್ನಿನ ನಡುವೆ, ಎರಡು ಬೆರಳುಗಳ ಮಧ್ಯೆ ಎಳೆಗಳನ್ನು ಹಿಡಿದು, ಬೇಕಾದ ಉದ್ದಕ್ಕೆ ಇಳಿಸಿ, ಎರಡು ಇಂಚು ಅಗಲಕ್ಕೆ ನೇರವಾಗಿ ಕತ್ತರಿಸಬೇಕು. ಇದೇ ಗೈಡ್, ಉಳಿದದ್ದೆಲ್ಲ ಇದನ್ನು ನೋಡಿಯೇ ನಡೆಯುತ್ತದೆ. ಇಲ್ಲಿಂದ ಎಡಕ್ಕೂ ಬಲಕ್ಕೂ ಅಂಚನ್ನು ಸ್ವಲ್ಪ ಸ್ವಲ್ಪವೇ ಮೇಲೇರಿಸುತ್ತ ಹೋಗಬೇಕು. ಬೆರಳುಗಳ ನಡುವೆ ಕತ್ತರಿಸುವಾಗ ನಡುಬೆರಳಿನ ಎರಡನೆಯ ಗೆಣ್ಣನ್ನು ದಾಟಬಾರದು: ಅದರಾಚೆ ಬೆರಳುಗಳ ಹಿಡಿತ ಸಡಿಲ, ಗಾಯವಾಗುವುದೂ ಹೆಚ್ಚಾಗಿ ಅಲ್ಲಿಯೇ. ಒಂದು ಕಡೆ ಬಿಗಿಯಾಗಿ ಎಳೆದು ಇನ್ನೊಂದು ಕಡೆ ಸಡಿಲ ಬಿಟ್ಟರೆ, ಒದ್ದೆ ಕೂದಲು ಹಿಗ್ಗುವ ಗುಣದಿಂದಾಗಿ, ಬಿಗಿ ಹಿಡಿದ ಬದಿ ಒಣಗಿದಾಗ ಮೇಲಕ್ಕೆ ಸರಿದಿರುತ್ತದೆ.

ಅನಂತರ ಮೇಲಿನ ಇನ್ನೊಂದು ಪದರವನ್ನು ಇಳಿಸಿ ಬಾಚಬೇಕು. ಪದರ ತೆಳ್ಳಗಿದ್ದರೆ ಅದರೊಳಗಿಂದ ಮೊದಲು ಕತ್ತರಿಸಿದ ಗೈಡ್ ನೆರಳಿನಂತೆ ಕಾಣುತ್ತದೆ. ಕಾಣದಿದ್ದರೆ ದಪ್ಪ ಪದರ ತೆಗೆದುಕೊಂಡಿದ್ದೀರಿ ಎಂದೇ ಅರ್ಥ, ಅರ್ಧ ಮತ್ತೆ ಮೇಲೆ ಕಟ್ಟಿ. ಹೀಗೆ ನೆತ್ತಿಯವರೆಗೆ ಏರಿ, ಮುಂಭಾಗದ ಎರಡು ಪಾಲುಗಳನ್ನು ಹಿಂದಿನ ಗೆರೆಗೆ ಸೇರಿಸಬೇಕು. ಕೊನೆಯಲ್ಲಿ ಎರಡೂ ಕಿವಿಗಳ ಹಿಂದಿನಿಂದ ಒಂದೊಂದು ಎಳೆಯನ್ನು ಮುಂದಕ್ಕೆ ತಂದು, ಗಲ್ಲದ ಕೆಳಗೆ ಜೋಡಿಸಿ ನೋಡಿದರೆ ಉದ್ದದ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಲೇಯರ್‌ಗಳಲ್ಲಿ ಪರೀಕ್ಷೆಯ ವಿಧಾನ ಬೇರೆ: ಅಡ್ಡ ಪದರಗಳಲ್ಲಿ ಕತ್ತರಿಸಿದ್ದರೆ ಉದ್ದ ಪದರಗಳಲ್ಲಿ ಹಿಡಿದು ನೋಡಬೇಕು. ಎರಡರಲ್ಲೂ ಒಣಗಿಸಿದ ಮೇಲೆ ಇನ್ನೊಮ್ಮೆ ನೋಡದೆ ಶೀಟ್ ತೆಗೆಯಬಾರದು.

ಕೇಳಿ ತಿಳಿಯಬೇಕಾದದ್ದು

ಒಂದು ಇಂಚು ಎಂಬ ಅಳತೆ ಪ್ರತಿಯೊಬ್ಬರ ಮನಸ್ಸಿನಲ್ಲೂ ಬೇರೆ ಬೇರೆ. ‘ತುದಿ ಮಾತ್ರ ತೆಗೀರಿ’ ಎಂದವರಿಗೆ ತಮ್ಮ ಬೆರಳಿನಿಂದಲೇ ಜಾಗವನ್ನು ತೋರಿಸಲು ಹೇಳಿ, ಅದಕ್ಕಿಂತ ಅರ್ಧ ಇಂಚು ಕೆಳಗೆ ಮೊದಲ ಕತ್ತರಿ ಇಡಬೇಕು. ಗುಂಗುರು ಕೂದಲಾದರೆ ಇನ್ನೂ ಕೆಳಗೆ. ದಿನವೂ ಜಡೆ ಹಾಕುತ್ತಾರೆಯೇ, ಹಬ್ಬ ಮದುವೆಗಳಲ್ಲಿ ತುರುಬು ಕಟ್ಟಿ ಹೂ ಮುಡಿಯುತ್ತಾರೆಯೇ ಎಂದೂ ಕೇಳಬೇಕು. ಬಿಟ್ಟ ಕೂದಲಿನಲ್ಲಿ ಚೆಂದ ಕಾಣುವ ಗಿಡ್ಡ ಲೇಯರುಗಳು ಜಡೆಯಲ್ಲಿ ನಿಲ್ಲದೆ ಉದ್ದಕ್ಕೂ ಹೊರಗೆ ಚಾಚಿಕೊಳ್ಳುತ್ತವೆ. ಅಂಥವರಿಗೆ ಅತಿ ಗಿಡ್ಡ ಲೇಯರನ್ನು ಗಲ್ಲಕ್ಕಿಂತ ಕೆಳಗೇ ಆರಂಭಿಸುವುದು ವಾಸಿ. ತೆಳ್ಳನೆಯ ಕೂದಲಿನವರು ಸ್ಟೆಪ್ ಕಟ್, ಅಂದರೆ ಮೆಟ್ಟಿಲಿನಂತೆ ಇಳಿಯುವ ಲೇಯರ್, ಕೇಳಿದರೆ ತುದಿ ಇನ್ನಷ್ಟು ತೆಳ್ಳಗಾಗುತ್ತದೆ ಎಂದು ಮೊದಲೇ ಹೇಳಬೇಕು. ಹಣೆಯ ಮೇಲಿನ ಫ್ರಿಂಜನ್ನು ಒಣಗಿದ ಮೇಲೆಯೇ ಕತ್ತರಿಸಬೇಕು, ಏಕೆಂದರೆ ಒದ್ದೆಯಿರುವಾಗ ಹುಬ್ಬಿಗೆ ತಾಗುವ ಕೂದಲು ಒಣಗಿದಾಗ ಹಣೆಯ ನಡುವೆ ನಿಂತುಬಿಡುತ್ತದೆ.

ತಲೆಯಲ್ಲಿ ಗಾಯ, ಹುಳುಕಡ್ಡಿ, ಹೇನು ಕಂಡರೆ ಅಂದು ಕತ್ತರಿಸದೆ, ಉಳಿದವರಿಗೆ ಕೇಳಿಸದಂತೆ ಹೇಳಿ ಕಳುಹಿಸಬೇಕು. ಒಬ್ಬರ ಕೆಲಸ ಮುಗಿದ ಕೂಡಲೇ ಕತ್ತರಿಯ ಕೂದಲನ್ನು ಒರೆಸಿ 70 ಶೇಕಡಾ ಸ್ಪಿರಿಟ್‌ನಿಂದ ಶುದ್ಧಮಾಡಬೇಕು, ಬಾಚಣಿಗೆಗಳನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆದು ಆಮೇಲೆ ಸೋಂಕುನಾಶಕದಲ್ಲಿ ಅದ್ದಬೇಕು. ರೇಜರ್ ಬಳಸಿದ್ದರೆ ಬ್ಲೇಡನ್ನು ಎಸೆದು ಹೊಸದನ್ನು ಹಾಕಬೇಕು, ಏಕೆಂದರೆ ಹೆಪಟೈಟಿಸ್ ಬಿ ಯಂಥ ಸೋಂಕು ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹರಡುತ್ತದೆ. ನೆಲಕ್ಕೆ ಬಿದ್ದ ಕೂದಲನ್ನು ಗುಡಿಸದೆ ಬಿಟ್ಟರೆ ಟೈಲ್ಸಿನ ಮೇಲೆ ಕಾಲು ಜಾರುತ್ತದೆ.

ಡಮ್ಮಿಯಿಂದ ಮನುಷ್ಯರ ತಲೆಗೆ ದಾಟುವಾಗ ಮೊದಲಿಗೆ ಸೊಂಟದವರೆಗೆ ನೇರ ಕೂದಲಿದ್ದು, ಟ್ರಿಮ್ ಮಾತ್ರ ಬೇಕೆನ್ನುವವರನ್ನು ಆರಿಸಿಕೊಳ್ಳುವುದು ಸುರಕ್ಷಿತ. ಅಲ್ಲಿ ತಿದ್ದಲು ಅವಕಾಶ ಧಾರಾಳವಾಗಿರುತ್ತದೆ. ತಂಗಿ, ಅತ್ತಿಗೆ, ಪಕ್ಕದ ಮನೆಯವರು ಯಾರೇ ಆಗಲಿ, ನೀವಿನ್ನೂ ಕಲಿಯುತ್ತಿದ್ದೀರಿ ಎಂಬುದನ್ನು ಕುಳಿತುಕೊಳ್ಳುವ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ತರಗತಿಯಲ್ಲಾದರೆ ಗೈಡ್ ಕತ್ತರಿಸಿದ ಕೂಡಲೇ ಟೀಚರನ್ನು ಕರೆದು ತೋರಿಸಿ. ಕಟ್ ಮುಗಿದ ಮೇಲೆ ತೋರಿಸಿದರೆ ಅವರು ತಪ್ಪನ್ನು ಹೇಳಬಲ್ಲರೇ ಹೊರತು ಹೋದ ಕೂದಲನ್ನು ತರಲಾರರು.