ಸಂಮೋಹನಕ್ಕೆ ಕೂರುವ ಮುನ್ನ

ಮಾತಿನ ಸೂಚನೆಗಳಿಂದ ಮನಸ್ಸನ್ನು ಒಂದೆಡೆ ನೆಲೆಗೊಳಿಸುವ ಸಂಮೋಹನ (ಹಿಪ್ನಾಸಿಸ್) ತರಬೇತಾದ ಚಿಕಿತ್ಸಕರ ಕೈಯಲ್ಲಿ ಬಹುಮಟ್ಟಿಗೆ ಸುರಕ್ಷಿತ. ಆದರೂ ಕೆಲವರಿಗೆ ತಲೆನೋವು, ತಲೆಸುತ್ತು, ಮಂಪರು, ಕಳವಳ ಕಾಣಿಸುತ್ತದೆ. ಅವಸರದಲ್ಲಿ ಎಬ್ಬಿಸಿದರಂತೂ ಇನ್ನೂ ಹೆಚ್ಚು. ಕೈ ಭಾರವಾಗುತ್ತಿದೆ ಎಂದು ಚಿಕಿತ್ಸಕರು ಸೂಚನೆ ಕೊಟ್ಟಿದ್ದರೆ, ಕೈ ಮೊದಲಿನಂತೆ ಹಗುರಾಯಿತು ಎಂದು ಬಾಯಿಬಿಟ್ಟು ಹೇಳಿ ಅದನ್ನು ಹಿಂತೆಗೆಯಬೇಕು. ಆಮೇಲೆ ಒಂದರಿಂದ ಐದರವರೆಗೆ ನಿಧಾನವಾಗಿ ಎಣಿಸಿ ಎಚ್ಚರಕ್ಕೆ ತರಬೇಕು. ಮಂಪರು ಪೂರ್ತಿ ಇಳಿಯುವ ತನಕ ಗಾಡಿ ಓಡಿಸಬೇಡಿ.

ದೊಡ್ಡ ಅಪಾಯ ಇರುವುದು ನೆನಪಿನಲ್ಲಿ. ಸಂಮೋಹನದಲ್ಲಿರುವಾಗ “ಬಾಗಿಲ ಬಳಿ ನಿಂತಿದ್ದವರು ಯಾರು?” ಎಂದು ಕೇಳಿದರೆ ಸಾಕು, ಅಲ್ಲಿ ಇಲ್ಲದವನನ್ನೂ ಮನಸ್ಸು ತಂದು ನಿಲ್ಲಿಸಬಲ್ಲದು, ಅದು ನಡೆದದ್ದೇ ಎಂಬ ನಂಬಿಕೆಯೂ ಗಟ್ಟಿಯಾಗುತ್ತದೆ. ಹೀಗೆ ಬಂದ ನೆನಪು ಸಾಮಾನ್ಯ ನೆನಪಿಗಿಂತ ಹೆಚ್ಚು ನಂಬಲರ್ಹವಲ್ಲ ಎಂದು ಅಮೆರಿಕದ ವೈದ್ಯಕೀಯ ಸಂಘದ ವರದಿ 1985ರಲ್ಲೇ ಹೇಳಿತ್ತು. ಮರೆತದ್ದನ್ನು ಹೊರತೆಗೆಯುತ್ತೇನೆ ಎನ್ನುವವರ ಬಳಿ ದಯವಿಟ್ಟು ಹೋಗಬೇಡಿ.

ಭ್ರಮೆ, ಇಲ್ಲದ ದನಿ ಕೇಳಿಸುವ ತೊಂದರೆ ಇದ್ದವರು ಮನೋವೈದ್ಯರನ್ನು ಕೇಳದೆ ಕೂರಲೇಬಾರದು. ಹಳೆಯ ಆಘಾತ, ಮೂರ್ಛೆರೋಗ, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಮೊದಲೇ ತಿಳಿಸಿ. ನೋವಿಗೆಂದು ಹೋಗುವುದಾದರೆ ಮೊದಲು ನೋವಿನ ಕಾರಣ ಪತ್ತೆ ಮಾಡಿಸಿ. ನೋವು ಅಡಗಿದರೆ ಒಳಗಿನ ರೋಗ ಕಣ್ಣಿಗೆ ಬೀಳದೆ ಬೆಳೆದೀತು. ನಡುವೆ ದಿಗಿಲಾದರೆ ಕಣ್ಣು ತೆರೆದು “ಸಾಕು” ಎನ್ನಿ.